ಬೆವರು ನಿಂತಿತೆಂದು ಖುಷಿಪಟ್ಟೆ

ನನ್ನ ಓರಗಿತ್ತಿ ಧರಣಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅದನ್ನು ಮುಚ್ಚಿಟ್ಟರೆ ಈ ಕಥೆ ಹೇಳಲಾಗುವುದಿಲ್ಲ. ತಮಿಳು ಸೀಮೆಯ ಸಿರುಮುಗೈಯ ನಮ್ಮ ಮನೆಯಲ್ಲಿ ಅಕ್ಕಪಕ್ಕ ಎರಡು ಕುಣಿಮಗ್ಗ, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವಂಥವು. ಒಂದು ರೇಷ್ಮೆ ಸೀರೆಗೆ ಅವಳಿಗೆ ಮೂರು ದಿನ ಸಾಕು, ನನಗೆ ನಾಲ್ಕು ಬೇಕು. ಅದೂ ಅವಳು ನಡುನಡುವೆ ಎದ್ದು ನೀರು ಕುಡಿದು, ಹಿತ್ತಲಿಗೆ ಹೋಗಿ ಬಂದು! ಅತ್ತೆ ಪೊನ್ನಮ್ಮನ ಬಾಯಲ್ಲಿ ಸದಾ ಅವಳದೇ ಹೆಸರು.

ಈ ಬೇಸಿಗೆಯಲ್ಲಿ ಅವಳನ್ನು ಸೋಲಿಸಲೇಬೇಕೆಂದು ಹಠ ಹಿಡಿದೆ. ಗಾಳಿಗೆ ಎಳೆ ಒಣಗಿ ಕಡಿಯುತ್ತದೆಂದು ಮಗ್ಗದ ಕೋಣೆಯಲ್ಲಿ ನಾವು ಫ್ಯಾನ್ ಹಾಕುವುದಿಲ್ಲ. ನಾನು ನೀರನ್ನೂ ಬಿಟ್ಟೆ. ಕುಡಿಯದಿದ್ದರೆ ಕುಣಿಯಿಂದ ಏಳುವ ಕೆಲಸವೇ ಇಲ್ಲವಲ್ಲ.

"ಅಕ್ಕಾ, ಬೆಳಿಗ್ಗೆಯಿಂದ ಒಂದ್ ಲೋಟ ತಣ್ಣಿ ಕುಡ್ದಿಲ್ಲ ನೀವು," ಎಂದಳು ಧರಣಿ.

"ನಿನ್ ಕೆಲ್ಸ ನೀ ನೋಡು."

ಮರುದಿನ ಮೂತ್ರ ಕಡುಹಳದಿ, ವಿಪರೀತ ತಲೆನೋವು. ಮೂರನೆಯ ದಿನ ಮಧ್ಯಾಹ್ನ ಬೆವರೇ ನಿಂತಿತು. ಸದ್ಯ, ರೇಷ್ಮೆಗೆ ಕಲೆ ತಗಲುವುದಿಲ್ಲವೆಂದು ಖುಷಿಪಟ್ಟೆ! ಇನ್ನು ಎರಡು ಗೇಣು ಬಾಕಿ ಇರುವಾಗ ಕಾಲು ಸೆಟೆದುಕೊಂಡಿತು. ಕಣ್ಣು ಕತ್ತಲೆಗಟ್ಟಿ ಸೀರೆಯ ಮೇಲೇ ಬಿದ್ದೆ.

ಧರಣಿ ನನ್ನನ್ನು ಹೊರಗೆಳೆದು, ಮೈಗೆ ಒದ್ದೆ ಬಟ್ಟೆ ಹಾಕಿ, ಬೀಸುತ್ತಲೇ 108ಕ್ಕೆ ಫೋನ್ ಮಾಡಿದಳಂತೆ. ನನಗೆ ಎಚ್ಚರವಾದದ್ದು ಆಸ್ಪತ್ರೆಯಲ್ಲಿ. ನಮ್ಮ ಬೀದಿಯ ಸರಣ್ಯಾ ಅಲ್ಲಿ ನರ್ಸ್. ಬೆವರು ನಿಂತದ್ದೇ ಅಪಾಯದ ಗುರುತು ಎಂದಳು.

"ಬೆವರು ನಿಂತ್ರೆ ಮೈ ತಂಪಾಯ್ತೂಂತ ಅಲ್ವೇನಮ್ಮಾ?" ಅತ್ತೆಗೆ ನಂಬಿಕೆಯಿಲ್ಲ.

"ಅಲ್ಲ ಅಮ್ಮಾ. ಬೆವರು ಆರುವಾಗ್ಲೇ ಮೈ ತಂಪಾಗೋದು. ಹೊರಗೆ ಎಷ್ಟ್ ವೆಯಿಲ್ ಸುಡ್ತಿದ್ರೂ ಮೈ ತನ್ನ ಬಿಸಿ ಏರದಂಗೆ ನೋಡ್ಕೊಳ್ಳುತ್ತೆ. ನೀರು ಕಮ್ಮಿಯಾದ್ರೆ ಮೂತ್ರ ಕಮ್ಮಿ ಮಾಡಿ ಉಳಿಸುತ್ತೆ, ಅದಕ್ಕೇ ಹಳದಿ. ಆಗ್ಲೂ ಕುಡೀದಿದ್ರೆ ಬೆವರೋಕೆ ನೀರೆಲ್ಲಿ? ಬಿಸಿ ತಲೆಗೇರುತ್ತೆ, ಜೀವಕ್ಕೇ ಆಪತ್ತು. ಧರಣಿ ಕುಡ್ಕೊಂಡೇ ನೇಯ್ತಾಳೆ, ಅದಕ್ಕೇ ಅವಳ ಕೈ ಓಡುತ್ತೆ."

ಕೈಗೆ ಹಾಕಿದ್ದ ಡ್ರಿಪ್‌ನ ಸೂಜಿಗಿಂತ ಆ ಕೊನೆಯ ಮಾತೇ ಹೆಚ್ಚು ಚುಚ್ಚಿತು. ಈಗ ಅತ್ತೆಯೇ ಗಂಟೆಗೊಮ್ಮೆ ಇಬ್ಬರನ್ನೂ ಎಬ್ಬಿಸಿ ನೀರು ಕೊಡುತ್ತಾರೆ.

ಅಕ್ಕಂದಿರೇ, ಬಾಯಾರುವ ಮೊದಲೇ ಕುಡಿಯಿರಿ. ಮೂತ್ರ ಕಡುಹಳದಿಯಾದರೆ ಕೆಲಸ ಬಿಟ್ಟು ನೆರಳಿಗೆ ಬಂದು ನೀರು ಕುಡಿಯಿರಿ. ಸೆಕೆಯಲ್ಲಿ ಯಾರಿಗಾದರೂ ಬೆವರು ನಿಂತರೆ, ಇಲ್ಲವೇ ಯಾರಾದರೂ ಬಿದ್ದರೆ ಮೈ ಒದ್ದೆ ಮಾಡಿ ಬೀಸಿ, 108ಕ್ಕೆ ಕರೆ ಮಾಡಿ. ಎಚ್ಚರವಿಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.

ನನ್ನ ಸೀರೆಯ ಕೊನೆಯ ಎರಡು ಗೇಣನ್ನು ಧರಣಿಯೇ ನೇಯ್ದಳು. ಅಷ್ಟು ಭಾಗವೇ ಹೆಚ್ಚು ಚೆಂದ, ನೋಡಿದರೆ ಮೈ ಉರಿಯುತ್ತದೆ. ಉರಿಯಲಿ. ಹೊಟ್ಟೆಕಿಚ್ಚು ಪಡಲಿಕ್ಕಾದರೂ ಜೀವ ಇರಬೇಕಲ್ಲ!