ಬಾಬಾಸಾಹೇಬರ ಕಬ್ಬಿನ ಮೂಲೆ

ಕಬ್ಬು ತುಂಬಿದ ಟ್ರ್ಯಾಲಿಯ ಹಿಂದೆ ಓಡಿ ಗಳ ಎಳೆಯುವ ಮಕ್ಕಳನ್ನು ಬೈಯುವವರು ಶಿರಗುಪ್ಪಿ ರಸ್ತೆಯಲ್ಲಿ ನೂರು ಮಂದಿ ಸಿಗುತ್ತಿದ್ದರು. ನಿಂತು ಲೆಕ್ಕ ಇಡುವವರು ಕಾಲೇಜಿನ ಓಟದ ಕೋಚ್ ಪಾರಿಸ ಸರ್ ಒಬ್ಬರೇ. ಏರಿನಲ್ಲಿ ಮೋಟಾರ್ ಸೈಕಲ್ ನಿಲ್ಲಿಸಿಕೊಂಡು, ಯಾರು ಒಂದು ಗಳ ಎಳೆದು ತೃಪ್ತರಾದರು, ಯಾರು ಎರಡಕ್ಕೆ ಕೈ ಹಾಕಿದರು, ಯಾರು ಎಳೆದದ್ದನ್ನು ಸಿಗಿದು ತಿನ್ನುತ್ತಲೇ ಮುಂದಿನ ಟ್ರ್ಯಾಲಿಯನ್ನೂ ಹಿಡಿದರು ಎಂದು ನೋಡುತ್ತಿದ್ದರು. ಕೊನೆಯ ಬಗೆಯವರು ಕಂಡರೆ ಮುಗಿಯಿತು, ಅವರ ಮನೆಯವರೆಗೂ ಬೆನ್ನು ಹತ್ತುವರು. ಕಳ್ಳತನದ ದೂರು ಬಂತೆಂದು ತಾಯಿ ತಂದೆ ಕೈ ಮುಗಿದು ನಿಂತರೆ, ಇವರು ಜೇಬಿನಿಂದ ಕಾಲೇಜಿನ ಪ್ರವೇಶದ ಅರ್ಜಿ ತೆಗೆಯುವರು. ಸ್ನೇಹಲ ಎಂಬ ಹುಡುಗಿ ಅವರಿಗೆ ಸಿಕ್ಕಿದ್ದು ಹಾಗೆಯೇ. ಅವಳು ಆ ದಿನ ಮೂರು ಟ್ರ್ಯಾಲಿ ಮುಗಿಸಿದ್ದಳು, ಕಾಲಲ್ಲಿ ಚಪ್ಪಲಿ ಕೂಡ ಇರಲಿಲ್ಲ.

ಇಷ್ಟೆಲ್ಲ ಜಾಣತನವಿದ್ದೂ ಪಾರಿಸ ಸರ್ ತಮ್ಮ ಮೂವತ್ತೊಂದು ವರ್ಷದ ನೌಕರಿಯಲ್ಲಿ ಕ್ರಾಸ್ ಕಂಟ್ರಿ ಶೀಲ್ಡನ್ನು ಒಂದು ಸಲವೂ ಮನೆಗೆ ತಂದಿರಲಿಲ್ಲ. ಓಡುವ ಹುಡುಗರು ತಯಾರಾಗುವಷ್ಟರಲ್ಲಿ ಪೊಲೀಸ್ ಭರ್ತಿಗೋ ಮಿಲಿಟರಿ ಭರ್ತಿಗೋ ಹೋಗಿಬಿಡುತ್ತಿದ್ದರು. ಹುಡುಗಿಯರು ತಯಾರಾಗುವಷ್ಟರಲ್ಲಿ ಸಾಂಗಲಿಯ ಕಡೆಯಿಂದ ವರ ಬರುತ್ತಿದ್ದ. ಹನ್ನೊಂದು ಸಲ ಎರಡನೆಯ ಸ್ಥಾನಕ್ಕೆ ಬಂದು ನಿಂತಿದ್ದರು. ಮೂರನೆಯ ಸ್ಥಾನ ಬಂದವನು ಊಟ ಮಾಡಿ ಮಲಗುತ್ತಾನೆ, ಎರಡನೆಯ ಸ್ಥಾನ ಬಂದವನಿಗೆ ನಿದ್ದೆ ಹತ್ತುವುದಿಲ್ಲ. ಹನ್ನೊಂದರಲ್ಲಿ ಒಂಬತ್ತು ಸಲ ಅವರನ್ನು ಸೋಲಿಸಿದ್ದು ಅಥಣಿ ಕಡೆಯ ಒಂದು ಕಾಲೇಜಿನ ಭೀಮಸಿ ಸರ್. ಪ್ರತಿ ಸಲ ಶೀಲ್ಡ್ ಎತ್ತಿಕೊಂಡು ಹೋಗುವಾಗ ಭೀಮಸಿ ಇವರ ಹತ್ತಿರ ನಿಂತು, ಒರೆಸಲು ಒಂದು ಮೆತ್ತನೆಯ ಅರಿವೆ ಇದ್ದರೆ ಕೊಡಿ ಎಂದು ಕೇಳುತ್ತಿದ್ದರು.

ಈ ವರ್ಷ ಹುಡುಗಿಯರ ಸ್ಪರ್ಧೆ ನಡೆಸುವ ಸರದಿ ಪಾರಿಸ ಸರ್ ಅವರ ಕಾಲೇಜಿಗೇ ಬಂತು. ಮುಂದಿನ ತಿಂಗಳ ಕೊನೆಗೆ ಅವರ ನಿವೃತ್ತಿ. ಇನ್ನೊಂದು ಸ್ಪರ್ಧೆ ಅವರ ಆಯುಷ್ಯದಲ್ಲಿ ಇರಲಿಲ್ಲ. ಅದಕ್ಕಾಗಿ ಅವರು ಒಂದು ಪಾಪ ಮಾಡಲು ನಿಶ್ಚಯಿಸಿದರು. ದೊಡ್ಡದಲ್ಲ, ಒಂದೇ ಬಾವುಟದಷ್ಟು.

ಹಾದಿ ಹತ್ತು ಕಿಲೋಮೀಟರು. ಕಾಲೇಜಿನ ಮೈದಾನದಿಂದ ಹೊರಟು, ಕಾಲುವೆಯ ಏರಿ ಹಿಡಿದು, ಕಬ್ಬಿನ ಹೊಲಗಳ ನಡುವಿನ ದಾರಿಯಲ್ಲಿ ಹೋಗಿ, ಬಾಬಾಸಾಹೇಬರ ಹೊಲದ ಮೂಲೆಯಲ್ಲಿ ಎಡಕ್ಕೆ ಹೊರಳಿ ಮರಳಿ ಮೈದಾನಕ್ಕೆ ಬರಬೇಕು. ಆ ಮೂಲೆಯಲ್ಲಿ ಹೊರಳದೆ ನೆಟ್ಟಗೆ ಹೋದರೆ ಮಹಾರಾಷ್ಟ್ರ. ತಿರುವು ಇರುವಲ್ಲೆಲ್ಲ ವಿಶ್ವವಿದ್ಯಾಲಯದ ಶಿಕ್ಕೆ ಒತ್ತಿದ ಕೆಂಪು ಬಾವುಟ. ಹಿಂದಿನ ದಿನ ಬೆಳಿಗ್ಗೆ ರೆಫ್ರಿ ಜಿನ್ನಪ್ಪ ಜೀಪಿನಲ್ಲಿ ಕೂತು ಬಾವುಟಗಳನ್ನೆಲ್ಲ ಎಣಿಸಿ ಸಹಿ ಹಾಕಿಹೋದರು. ಅವರ ಜೀಪಿನ ಧೂಳು ಅಡಗುವ ಮೊದಲೇ ಪಾರಿಸ ಸರ್ ಬಾಬಾಸಾಹೇಬರ ಹೊಲದ ಮೂಲೆಯ ಬಾವುಟವನ್ನು ಕೋಲಿನ ಸಮೇತ ಕಿತ್ತು, ಎರಡಾಳು ಎತ್ತರ ನಿಂತಿದ್ದ ಕಬ್ಬಿನೊಳಗೆ ಬೀಸಿ ಒಗೆದರು. ಸಕ್ಕರೆ ಕಾರಖಾನೆಯಿಂದ ಕಟಾವಿನ ಚೀಟಿ ಸಂಕ್ರಮಣದ ತನಕ ಬರುವುದಿಲ್ಲ ಎಂದು ಬಾಬಾಸಾಹೇಬರೇ ವಾರದಿಂದ ಎಲ್ಲರೆದುರು ಗೊಣಗುತ್ತಿದ್ದರು. ಅಲ್ಲಿಯ ತನಕ ಆ ಕೋಲು ಯಾರ ಕಣ್ಣಿಗೆ ಬೀಳಬೇಕು?

ತಮ್ಮ ಹುಡುಗಿಯರಿಗೆ ಬಾವುಟ ಬೇಕಿರಲಿಲ್ಲ. ಎತ್ತರದ ಕಬ್ಬು ಎಲ್ಲಿ ಮುಗಿಯುತ್ತದೋ ಅಲ್ಲಿ ಎಡಕ್ಕೆ ಎಂದು ಒಂದು ತಿಂಗಳು ಅವರನ್ನು ಓಡಿಸಿದ್ದರು. ಸ್ನೇಹಲಳಿಗೆ ಇನ್ನೂ ಒಂದು ಮಾತು ಹೇಳಿಟ್ಟಿದ್ದರು: ಅಲ್ಲಿಯ ತನಕ ಅಥಣಿಯವರನ್ನು ಮುಂದೆ ಬಿಡಬೇಕು. ಅವರು ಬಾವುಟವಿಲ್ಲದ ಮೂಲೆ ದಾಟಿ ಒಂದಿಷ್ಟು ದೂರ ಹೋಗಿ, ತಬ್ಬಿಬ್ಬಾಗಿ, ಮರಳಿ ಬರಲಿ. ಅಷ್ಟು ಹೊತ್ತು ಸಾಕು.

ಮಧ್ಯಾಹ್ನದಿಂದ ಅವರಿಗೆ ಉಸಿರಾಡಲು ಬಿಡುವಿರಲಿಲ್ಲ. ಪಾರಿಸ ಸರ್ ಜೈನರು, ಹೊತ್ತು ಮುಳುಗಿದ ಮೇಲೆ ಊಟ ಮಾಡುವವರಲ್ಲ. ತಾವು ಉಣ್ಣದ ಹೊತ್ತಿಗೆ ಪರವೂರಿನವರಿಗೆ ಬಡಿಸುವುದೂ ಅವರ ಮನಸ್ಸಿಗೆ ಒಗ್ಗದು. ಏಳು ಕಾಲೇಜಿನ ಹುಡುಗಿಯರು, ಅವರ ಸರ್‌ಗಳು, ರೆಫ್ರಿಗಳು, ಎಲ್ಲರನ್ನೂ ಐದೂವರೆಗೇ ಪಂಕ್ತಿಗೆ ಕೂರಿಸಿ ಹೋಳಿಗೆ ಬಡಿಸಿದರು. ಇದರಿಂದಾಗಿ ಆ ಸಂಜೆ ಹಾದಿಯ ಕಡೆ ಹೋದವರು ಒಬ್ಬರೂ ಇಲ್ಲ.

ಹೋಗಿದ್ದರೆ ಕಾಣುತ್ತಿತ್ತು. ಗೊಣಗುವುದರ ಜೊತೆಗೆ ಬಾಬಾಸಾಹೇಬರು ಕಾರಖಾನೆಗೆ ಎಡತಾಕುತ್ತಲೂ ಇದ್ದರು. ಅಂದು ಮಧ್ಯಾಹ್ನ ಎರಡಕ್ಕೆ ಚೀಟಿ ಬಂತು, ಮೂರಕ್ಕೆ ಕಬ್ಬು ಕಡಿಯುವ ಟೋಳಿ ಬಂತು. ತೆಲಸಂಗ ಕಡೆಯ ಒಣಭೂಮಿಯ ಜನ, ಕೈ ಹಾಕಿದರೆ ನಿಲ್ಲಿಸುವವರಲ್ಲ. ಹೊತ್ತು ಮುಳುಗುವಷ್ಟರಲ್ಲಿ ಮೂಲೆಯ ಕಬ್ಬು ನೆಲಕ್ಕೆ ಮಲಗಿತ್ತು.

ಇದು ಗೊತ್ತಿದ್ದವಳು ತಂಡದಲ್ಲಿ ಒಬ್ಬಳಿದ್ದಳು: ಬಾಬಾಸಾಹೇಬರ ಮಗಳು ಮನೀಷಾ. ಆರು ಮಂದಿ ಇರಬೇಕೆಂಬ ಕಾರಣಕ್ಕೆ ತಂಡದಲ್ಲಿದ್ದವಳು. ಪ್ರತಿ ಕಾಲೇಜಿನಿಂದ ಮೊದಲು ಬಂದ ಮೂವರ ನಂಬರು ಕೂಡಿಸಿ, ಮೊತ್ತ ಕಡಿಮೆ ಬಂದ ಕಾಲೇಜಿಗೆ ಶೀಲ್ಡ್ ಕೊಡುತ್ತಾರೆ. ಹಾಗಾಗಿ ಮನೀಷಾಳ ನಂಬರು ಎಷ್ಟನೆಯದೆಂದು ಯಾರೂ ಕೇಳುತ್ತಿರಲಿಲ್ಲ, ಪಾರಿಸ ಸರ್ ಅಂತೂ ಕೇಳಿದ್ದೇ ಇಲ್ಲ. ಓಟದ ದಿನ ಬೆಳಿಗ್ಗೆ ಆರೂವರೆಗೆ ಅವಳು ಎರಡು ಸಲ ಬಂದು, ಸರ್, ನಮ್ಮ ಕಬ್ಬು ಎಂದು ಶುರು ಮಾಡಿದಳು. ಹಿಂದಿನ ವಾರ ಎಮ್ಮೆ ಈದಿತೆಂದು, ಅದರ ಹಿಂದಿನ ವಾರ ಹೊಟ್ಟೆನೋವೆಂದು ಅಭ್ಯಾಸ ತಪ್ಪಿಸಿದ್ದಳು. ಇದೂ ಅದೇ ಸಾಲಿನದೆಂದು ಸರ್ ಅವಳ ಬಾಯಿ ಮುಚ್ಚಿಸಿ ಗೆರೆಯ ಹಿಂದೆ ನಿಲ್ಲಿಸಿದರು.

ಏಳಕ್ಕೆ ಸೀಟಿ ಊದಿದರು. ಹುಡುಗಿಯರು ಮಂಜಿನೊಳಗೆ ಮಾಯವಾದರು.

ಭೀಮಸಿ ಸರ್ ಸುಮ್ಮನೆ ಒಂಬತ್ತು ಶೀಲ್ಡ್ ಗೆದ್ದವರಲ್ಲ. ಪಾರಿಸನ ಬಾವುಟ ನಂಬಬೇಡಿ, ಕೊನೆಯ ಕಿಲೋಮೀಟರಿನ ತನಕ ಆ ಸ್ನೇಹಲಳ ಬೆನ್ನು ಬಿಡಬೇಡಿ ಎಂದು ತಮ್ಮವರಿಗೆ ಹೇಳಿ ಕಳಿಸಿದ್ದರು. ಸ್ನೇಹಲ ನಿಧಾನ ಮಾಡಿದರೆ ಅವರೂ ನಿಧಾನ ಮಾಡಿದರು. ಅವಳು ಬೂಟಿನ ದಾರ ಕಟ್ಟಲು ಬಗ್ಗಿದರೆ ಅವರೂ ಬಗ್ಗಿದರು. ಕಡೆಗೆ ಬೇಸತ್ತು ಅವಳೇ ಮುಂದೆ ಓಡಿದಳು. ಎತ್ತರದ ಕಬ್ಬು ಮುಗಿಯುವ ಮೂಲೆ ಬರಲಿ ಎಂದು ನೋಡುತ್ತ ಓಡಿದಳು. ಕಬ್ಬಿರುವ ಹೊಲವೇ ಬೇರೆ, ಕಡಿದ ಹೊಲವೇ ಬೇರೆ. ಮಂಜಿನಲ್ಲಿ ಅಲ್ಲಿ ಬರೀ ಬಯಲು ಕಂಡಿತು, ಅವಳು ದಾಟಿಹೋದಳು. ಅಲ್ಲಿಂದ ಎರಡು ಕಿಲೋಮೀಟರಿನ ಮೇಲೆ ಒಂದು ಎತ್ತರದ ಕಬ್ಬು ಮುಗಿಯಿತು, ಅಲ್ಲಿ ಎಡಕ್ಕೆ ಹೊರಳಿದಳು. ಬೆನ್ನ ಹಿಂದೆ ಏಳು ಕಾಲೇಜಿನ ಹುಡುಗಿಯರು. ಅಷ್ಟೂ ಮಂದಿ ಮಹಾರಾಷ್ಟ್ರದ ಒಂದು ಬೆಲ್ಲದ ಗಾಣದ ಅಂಗಳಕ್ಕೆ ಬಂದು ನಿಂತರು. ಗಾಣದ ಮುದುಕ ಗಾಬರಿಯಾಗಲಿಲ್ಲ. ಎಲ್ಲರಿಗೂ ಕೂರಲು ಮರಾಠಿಯಲ್ಲಿ ಹೇಳಿ, ಬಿಸಿ ಬೆಲ್ಲ ಕೊಟ್ಟ.

ಇತ್ತ ಕಟ್ಟಕಡೆಗೆ ಓಡುತ್ತಿದ್ದವರು ಮೂವರೇ, ಮೂವರೂ ಪಾರಿಸ ಸರ್ ಅವರ ಹುಡುಗಿಯರು. ಉಳಿದ ಕಾಲೇಜಿನವರು ಆರೂ ಮಂದಿ ಗಟ್ಟಿಗರನ್ನೇ ಕರೆತಂದಿದ್ದರು. ಮನೀಷಾ ತನ್ನ ಹೊಲದ ಮೂಲೆಯಲ್ಲಿ ಎಡಕ್ಕೆ ಹೊರಳಿದಳು, ತನ್ನ ಜೊತೆಯ ಇಬ್ಬರಿಗೂ ಕೈ ಮಾಡಿದಳು. ತನ್ನ ಮನೆಯ ಹೊಲದಲ್ಲಿ ಹಾದಿ ತಪ್ಪುವುದು ಯಾರಿಗಾದರೂ ಹೇಗೆ ಸಾಧ್ಯ?

ಮೈದಾನದಲ್ಲಿ ಪಾರಿಸ ಸರ್ ಗಡಿಯಾರ ನೋಡುತ್ತ ನಿಂತಿದ್ದರು. ಬರಬೇಕಾದ ಹೊತ್ತು ಮೀರಿ ಇಪ್ಪತ್ತು ನಿಮಿಷವಾಗಿತ್ತು. ಆಗ ಮಂಜಿನಿಂದ ಮೂರು ಹುಡುಗಿಯರು ಏದುಸಿರು ಬಿಡುತ್ತ ಬಂದರು. ಮನೀಷಾ ಮೊದಲು, ಅವಳ ಹಿಂದೆ ಇಬ್ಬರು. ಒಂದು, ಎರಡು, ಮೂರು: ಮೊತ್ತ ಆರು. ಅದಕ್ಕಿಂತ ಕಡಿಮೆ ಮೊತ್ತ ಗಣಿತದಲ್ಲೇ ಇಲ್ಲ. ಪಾರಿಸ ಸರ್ ಏನಾಯಿತೆಂದು ತಿಳಿಯದೆ ಮೊದಲು ಹುಡುಗಿಯರ ಹಿಂದೆ ನೋಡಿದರು, ಆಮೇಲೆ ಕಣ್ಣೊರೆಸಿಕೊಂಡರು. ಮಗಳ ಓಟ ನೋಡಲು ಬಂದಿದ್ದ ಬಾಬಾಸಾಹೇಬರು ಪೇಡೆಯ ಡಬ್ಬಿ ತರಿಸಿದರು. ಮನೀಷಾ ನಂಬರಿನ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಮೇಲಿನ ಒಂದು ಎಂಬುದನ್ನು ಮತ್ತೆ ಮತ್ತೆ ಓದಿದಳು.

ಬೆಲ್ಲ ತಿಂದವರು ಒಂದೂವರೆ ತಾಸಿನ ಮೇಲೆ ಎರಡು ಟೆಂಪೋದಲ್ಲಿ ಬಂದಿಳಿದರು. ಭೀಮಸಿ ಸರ್ ಕೂಗಾಡಿ ಮೈದಾನವನ್ನೇ ನಡುಗಿಸಿದರು. ಮೂಲೆಯಲ್ಲಿ ಬಾವುಟವೇ ಇರಲಿಲ್ಲ, ಓಟ ರದ್ದಾಗಬೇಕು ಎಂದರು. ಜಿನ್ನಪ್ಪ ಸಹಿ ಹಾಕಿದ ಹಾಳೆ ತೆಗೆದು ತೋರಿಸಿದರು. ಬಾವುಟ ಇದ್ದದ್ದನ್ನು ಅವರೇ ಕಂಡಿದ್ದರು. ಅದು ಆಮೇಲೆ ಎಲ್ಲಿ ಹೋಯಿತು ಎನ್ನುವುದೊಂದೇ ಪ್ರಶ್ನೆ.

ಅದಕ್ಕೆ ಉತ್ತರ ರಸ್ತೆಯ ಮೇಲೆ ತಾನಾಗಿ ಬಂತು. ಕಬ್ಬು ಹೇರಿಕೊಂಡು ಕಾರಖಾನೆಗೆ ಹೊರಟ ಟ್ರ್ಯಾಲಿಯ ಹಿಂದೆ, ಹೊರಗೆ ಚಾಚಿದ ಗಳಕ್ಕೆ ಎಚ್ಚರಿಕೆಗೆಂದು ಒಂದು ಕೆಂಪು ಬಟ್ಟೆ ಕಟ್ಟಿದ್ದರು. ಅದರ ಮೇಲೆ ವಿಶ್ವವಿದ್ಯಾಲಯದ ಶಿಕ್ಕೆ ಎಲ್ಲರಿಗೂ ಓದುವಷ್ಟು ದೊಡ್ಡದಾಗಿತ್ತು. ಕಟ್ಟಿದವಳು ಟೋಳಿಯ ಅಕ್ಕವ್ವ. ಅವಳನ್ನು ಟ್ರ್ಯಾಲಿಯಿಂದ ಇಳಿಸಿ ಕರೆತಂದರು. ಐವತ್ತರ ಹೆಂಗಸು, ಕೈತುಂಬ ಕಬ್ಬಿನ ರವದಿಯ ಒಣ ಗರಿ ಗೀರಿದ ಗಾಯ. ಬಾಬಾಸಾಹೇಬರಿಗೆ ಮಗಳ ಮೊದಲ ನಂಬರು ಕೈತಪ್ಪುವ ಭಯ, ಅದು ಸಿಟ್ಟಾಗಿ ಅವಳ ಮೇಲೆ ಬಿತ್ತು. ಕಳ್ಳರ ಟೋಳಿ ತನಗೆ ಬೇಡ, ಇವತ್ತೇ ಗುಡಿಸಲು ಕಿತ್ತುಕೊಂಡು ಹೊರಡಲಿ ಎಂದುಬಿಟ್ಟರು.

"ಯಪ್ಪಾ, ನಾ ಕಿತ್ತಿಲ್ರಿ," ಎಂದಳು ಅಕ್ಕವ್ವ. "ಕಬ್ಬಿನಾಗ ಬಿದ್ದಿತ್ತು. ಯಾರೋ ಒಗದಂಗ ಬಿದ್ದಿತ್ರಿ."

ಯಾರೂ ನಂಬಲಿಲ್ಲ. ನಂಬದಿರುವುದು ಎಲ್ಲರಿಗೂ ಅನುಕೂಲವಾಗಿತ್ತು. ಬಾವುಟ ಕಳವಾದದ್ದಾದರೆ ಕಾಲೇಜಿನ ತಪ್ಪಿಲ್ಲ, ಫಲಿತಾಂಶ ಹಾಗೇ ನಿಲ್ಲುತ್ತದೆ ಎಂದು ಜಿನ್ನಪ್ಪ ಪೆನ್ನು ತೆಗೆದರು. ಶೀಲ್ಡ್ ಮೇಜಿನ ಮೇಲೆ ಇತ್ತು. ಪಾರಿಸ ಸರ್ ಮಾಡಬೇಕಾದದ್ದು ಏನೂ ಇರಲಿಲ್ಲ, ಬಾಯಿ ಮುಚ್ಚಿಕೊಂಡು ನಿಂತರೆ ಸಾಕಿತ್ತು. ನಿಂತರು ಕೂಡ. ಅಕ್ಕವ್ವ ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಬಂದಳು. ಇವರ ಮುಖಕ್ಕೆ ಬಂದಾಗ ಇವರು ಬೂಟು ನೋಡಿಕೊಂಡರು. ತಮ್ಮ ಬೂಟು ಅವರಿಗೆ ಅಷ್ಟು ಅಸಹ್ಯವಾಗಿ ಎಂದೂ ಕಂಡಿರಲಿಲ್ಲ.

"ಜಿನ್ನಪ್ಪ ಸರ್, ಬರೀಬ್ಯಾಡ್ರಿ," ಎಂದರು ಪಾರಿಸ ಸರ್. "ಆಕಿ ಕಳವು ಮಾಡಿಲ್ಲ. ನಿಮ್ಮ ಜೀಪ ಹೊಳ್ಳಿದ ಕೂಡ್ಲೆ ಬಾವುಟ ಕಿತ್ತು ಕಬ್ಬಿನಾಗ ಒಗದಾಂವ ನಾನ."

ಬಾಬಾಸಾಹೇಬರು ಪೇಡೆಯ ಡಬ್ಬಿಯ ಮುಚ್ಚಳ ಹಾಕಿದರು, ಸ್ವಲ್ಪ ಹೊತ್ತಿಗೆ ಮತ್ತೆ ತೆಗೆದು ಡಬ್ಬಿಯನ್ನೇ ಅಕ್ಕವ್ವನ ಕೈಗೆ ಕೊಟ್ಟು, ಟೋಳಿಯವರಿಗೆ ಹಂಚು ಎಂದರು. ಕ್ಷಮೆ ಕೇಳಲು ಅವರಿಗೆ ಬೇರೆ ಭಾಷೆ ಬರುತ್ತಿರಲಿಲ್ಲ. ಮನೀಷಾ ನಂಬರಿನ ಚೀಟಿಯನ್ನು ಮೇಜಿನ ಮೇಲಿಟ್ಟು ಹೋದಳು, ಪಾರಿಸ ಸರ್ ಕಡೆ ನೋಡಲಿಲ್ಲ. ಶೀಲ್ಡು ಹೋದದ್ದಕ್ಕಿಂತ ಅದು ಅವರನ್ನು ಹೆಚ್ಚು ನೋಯಿಸಿತು.

ಓಟವನ್ನು ಮರುದಿನ ಬೆಳಿಗ್ಗೆ ಮತ್ತೆ ನಡೆಸುವುದೆಂದಾಯಿತು. ಪಾರಿಸ ಸರ್ ಅವರ ಕುರಿತು ವಿಶ್ವವಿದ್ಯಾಲಯಕ್ಕೆ ಕಳಿಸಬೇಕಾದ ವರದಿಯನ್ನು ಜಿನ್ನಪ್ಪ ಬರೆದರು. ಅದಲ್ಲದೆ ತಮ್ಮ ಅಧಿಕಾರದಲ್ಲಿ ಒಂದು ಶಿಕ್ಷೆಯನ್ನೂ ಕೊಟ್ಟರು: ಆ ಮೂಲೆಯಲ್ಲಿ ಇನ್ನು ಕೋಲಿನ ಮೇಲೆ ಭರವಸೆಯಿಲ್ಲ, ಬಾವುಟ ಹಿಡಿದುಕೊಂಡು ಪಾರಿಸ ಸರ್ ಅವರೇ ನಿಲ್ಲಬೇಕು, ಕೊನೆಯ ಹುಡುಗಿ ದಾಟುವ ತನಕ ಕದಲಬಾರದು.

ಹೀಗೆ ಮೂವತ್ತೊಂದು ವರ್ಷದ ಅನುಭವವುಳ್ಳ ಕೋಚ್ ಕಡಿದ ಕಬ್ಬಿನ ಕೂಳೆಗಳ ನಡುವೆ ಕೆಂಪು ಬಟ್ಟೆ ಎತ್ತಿ ಹಿಡಿದು ನಿಂತರು. ಕಬ್ಬು ಕಡಿಯುತ್ತಿದ್ದ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಸ್ನೇಹಲ ಮೊದಲನೆಯವಳಾಗಿ ಹಾದುಹೋದಳು, ಹಿಂದೆ ಅಥಣಿಯ ಇಬ್ಬರು, ನಾಲ್ಕನೆಯವಳು ತಮ್ಮವಳು, ಐದು ಅಥಣಿ, ಆರು ತಮ್ಮವಳು. ಅವರಿಗೆ ಲೆಕ್ಕ ಹಾಕದಿರಲು ಬರುತ್ತಿರಲಿಲ್ಲ. ತಮ್ಮದು ಹನ್ನೊಂದು, ಭೀಮಸಿಯದು ಹತ್ತು. ಸ್ವಲ್ಪ ಹೊತ್ತಿಗೆ ಮೈದಾನದ ಧ್ವನಿವರ್ಧಕ ಅದನ್ನೇ ಗಾಳಿಯಲ್ಲಿ ಕೂಗಿ ಹೇಳಿತು. ಹನ್ನೆರಡನೆಯ ಸಲ ಎರಡನೆಯ ಸ್ಥಾನ, ಇನ್ನು ಮುಂದೆ ಅದೂ ಇಲ್ಲ. ಅವರಿಗೆ ಅಳು ಬಂತು, ಹೆಂಗಸರು ನೋಡುತ್ತಿದ್ದರಿಂದ ನುಂಗಿಕೊಂಡರು.

ಹಾದಿ ಖಾಲಿಯಾಯಿತು. ಕೊನೆಯ ಹುಡುಗಿ ಇನ್ನೂ ಬಂದಿರಲಿಲ್ಲ. ಇಷ್ಟು ವರ್ಷದಲ್ಲಿ ಅವರು ಕೊನೆಯವಳು ಓಡುವುದನ್ನು ನೋಡಿಯೇ ಇರಲಿಲ್ಲ. ಮೂವರ ನಂಬರು ಸಿಕ್ಕ ಕೂಡಲೆ ಹೊರಳಿ ನಡೆಯುತ್ತಿದ್ದರು. ಕೈ ನೋಯಲು ಹತ್ತಿತು, ಬಾವುಟವನ್ನು ಇನ್ನೊಂದು ಕೈಗೆ ಬದಲಿಸಿದರು. ಆಗ ಮನೀಷಾ ಬಂದಳು, ಮುಖ ಕೆಂಪಾಗಿತ್ತು, ಒಂದು ಕೈ ಪಕ್ಕೆಯ ಮೇಲೆ. ಓಡುವುದನ್ನು ಮಾತ್ರ ನಿಲ್ಲಿಸಿರಲಿಲ್ಲ. ತಾನು ಹುಟ್ಟಿ ಬೆಳೆದ ಹೊಲದ ಮೂಲೆಯಲ್ಲಿ, ಅವರೆದುರು ಬಂದು ನಿಂತ ಜಾಗದಲ್ಲೇ ಕುಪ್ಪಳಿಸುತ್ತ, ಮುಖದಲ್ಲಿ ಒಂದಿಷ್ಟೂ ನಗೆ ತೋರದೆ ಕೇಳಿದಳು.

"ಸರ್, ಇಲ್ಲಿಂದ ಯಾ ಕಡೆ ಹೋಗಬೇಕ್ರಿ?"

ಪಾರಿಸ ಸರ್ ಬಾವುಟವನ್ನು ಎರಡೂ ಕೈಯಲ್ಲಿ ಎಡಕ್ಕೆ ಚಾಚಿ, ಅವಳು ಹೊರಳಿದ ಮೇಲೆ ತಾವೂ ಅವಳ ಹಿಂದೆ ಓಡತೊಡಗಿದರು.