ಎರಡು ಪೆಡಲ್ ಸ್ಟೀಲ್, ಒಂದು ಮೊಣಕಾಲು

ಆಟೊದಿಂದ ಇಳಿಯುವ ಮೊದಲೇ ಶೋಭಾರಾಣಿಗೆ ತನ್ನ ವಾದ್ಯ ಕೇಳಿಸಿತು. ಕೇಳಿಸುವ ಹಾಗೇ ಇರಲಿಲ್ಲ. ಅದು ಅವಳ ಪಕ್ಕದಲ್ಲೇ, ಸೀಟಿನ ಮೇಲೆ, ಕೊಂಡಿ ಹಾಕಿದ ಪೆಟ್ಟಿಗೆಯೊಳಗೆ ಮಲಗಿತ್ತು.

ಭಾನುವಾರ ಪೀಣ್ಯದ ಆ ಅಡ್ಡರಸ್ತೆಯಲ್ಲಿ ತಗಡು ಒತ್ತುವ ಪ್ರೆಸ್ಸುಗಳು ಬಾಯಿ ಮುಚ್ಚಿಕೊಂಡಿರುತ್ತವೆ. ಬ್ಯಾಂಡಿನ ತಾಲೀಮು ನಡೆಯುವ ಸಿದ್ದಲಿಂಗಯ್ಯನವರ ಶೆಡ್ಡಿನೊಳಗಿಂದ ಒಂದು ಸ್ವರ ಹೊರಟು, ನಿಂತಲ್ಲೇ ಬಾಗಿ, ಮೇಲೇರಿ ಇನ್ನೊಂದು ಸ್ವರವಾಯಿತು. ಜೊತೆಗಿದ್ದ ಉಳಿದೆರಡು ಸ್ವರಗಳು ಅಲುಗದೆ ನಿಂತಿದ್ದವು. ಹಾಗೆ ಮಾಡಬಲ್ಲ ವಾದ್ಯ ಅವಳಿಗೆ ತಿಳಿದಂತೆ ಒಂದೇ. ವರ್ಷಗಟ್ಟಲೆ ಅದರ ಹಿಂದೆ ಕೂತಿದ್ದರೂ ಎದುರಿಗಿರುವವರಿಗೆ ಅದು ಹೇಗೆ ಕೇಳುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ನುಡಿಸುವವಳ ತಲೆಯಲ್ಲಿ ಮುಂದಿನ ತಂತಿ, ಮುಂದಿನ ಪೆಡಲ್, ಬೆವರುವ ಬೆರಳು ತುಂಬಿರುತ್ತವೆ. ಈಗ ಮೊದಲ ಸಲ ಬರೀ ಕೇಳುತ್ತಿದ್ದಳು.

"ಮೇಡಂ, ಇಳೀತೀರಾ? ನಂಗೆ ಇನ್ನೊಂದ್ ಬುಕಿಂಗ್ ಐತೆ," ಎಂದ ಆಟೊದವನು.

"ಒಂದ್ನಿಮಿಷ ಇರಪ್ಪ, ಅದು ಮುಗೀಲಿ."

ಆಟೊದವನೂ ಕಿವಿಗೊಟ್ಟ. "ಯಾರೋ ಅಳ್ತಾವ್ರಾ ಮೇಡಂ ಒಳಗೆ?"

ಅಳಬೇಕಾದವಳು ತಾನೇ ಎಂದು ಶೋಭಾರಾಣಿಗೆ ಅನಿಸಿದ್ದು ಆಗ. ಒಳಗೆ ನುಡಿಸುತ್ತಿದ್ದವನು ತನ್ನ ಜಾಗಕ್ಕೆ ಬಂದವನು ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

ಪೆಡಲ್ ಸ್ಟೀಲ್ ಗಿಟಾರ್ ಮೇಜಿನ ಹಾಗೆ ನಾಲ್ಕು ಕಾಲಿನ ಮೇಲೆ ನಿಲ್ಲುವ ವಾದ್ಯ. ಹತ್ತು ತಂತಿ. ಎಡಗೈಯಲ್ಲಿ ಹಿಡಿದ ಉಕ್ಕಿನ ಬಾರ್ ತಂತಿಗಳ ಮೇಲೆ ಜಾರುತ್ತದೆ, ಬಲಗೈ ಮೀಟುತ್ತದೆ. ಪಾದದ ಕೆಳಗೆ ಪೆಡಲ್‌ಗಳಿವೆ, ಮೊಣಕಾಲುಗಳ ಪಕ್ಕದಲ್ಲಿ ಲಿವರ್‌ಗಳು ನೇತಾಡುತ್ತವೆ. ತಂತಿ ನುಡಿಯುತ್ತಿರುವಾಗಲೇ ಇವು ಅದನ್ನು ಏರಿಸುತ್ತವೆ, ಇಳಿಸುತ್ತವೆ. ಎರಡು ಕೈ, ಎರಡು ಪಾದ, ಎರಡು ಮೊಣಕಾಲು, ಎಲ್ಲವೂ ಒಟ್ಟಿಗೆ ಕೆಲಸ ಮಾಡಬೇಕು. ಶೋಭಾರಾಣಿಯ ಎಡ ಮೊಣಕಾಲು ಸವೆದಿತ್ತು.

ಅವಳು ಜಾಲಹಳ್ಳಿಯ ಕಾರ್ಖಾನೆ ಕಾಲೊನಿಯಲ್ಲಿ ಬೆಳೆದವಳು. ಅಪ್ಪ ಕಾರ್ಖಾನೆಯ ಆರ್ಕೆಸ್ಟ್ರಾದಲ್ಲಿ ಹವಾಯಿಯನ್ ಗಿಟಾರ್ ನುಡಿಸುತ್ತಿದ್ದರು, ಅಮ್ಮ ತಂಬೂರಿ ಹಿಡಿದು ಹಾಡುತ್ತಿದ್ದರು. ಅಪ್ಪನ ಗಿಟಾರ್ ಮಗಳಿಗೆ ಬಂತು. ಪೆಡಲ್ ಸ್ಟೀಲಿನ ಹುಚ್ಚು ಹತ್ತಿದ್ದು ನಲವತ್ತು ದಾಟಿದ ಮೇಲೆ, ಇಂಟರ್‌ನೆಟ್ಟಿನಲ್ಲಿ ನೋಡಿ. ವಿದೇಶದಿಂದ ತರಿಸುವ ಶಕ್ತಿಯಿಲ್ಲದೆ ಅಪ್ಪನ ಸ್ನೇಹಿತ ಸಿದ್ದಲಿಂಗಯ್ಯನವರ ಬಳಿ ನಕ್ಷೆ ಒಯ್ದಳು. ಕಾರಿನ ಬಿಡಿಭಾಗಗಳ ಅಚ್ಚು ಮಾಡುವ ಅವರು ಎರಡು ಸಲ ಕೆಡಿಸಿ, ಮೂರನೆಯ ಸಲ ವಾದ್ಯವನ್ನೇ ಮಾಡಿಕೊಟ್ಟರು. ಅದನ್ನು ಹಿಡಿದು ಅವಳು ಸೇರಿದ್ದು 'ತಂತಿಪಾಳ್ಯ' ಎಂಬ ಬ್ಯಾಂಡ್. ಅದರ ಹಾಡುಗಾರ, ಹಾಡು ಬರೆಯುವವನು ಕುಂದಲಹಳ್ಳಿಯ ಹಳೆಯ ಮನೆತನದ ಹುಡುಗ ಹರ್ಷವರ್ಧನ್. ಉಳಿದಿಬ್ಬರು ಡ್ರಮ್ಸಿನ ಮನು ಮತ್ತು ಬೇಸ್ ಗಿಟಾರಿನ ನಂದೀಶ್. ಮೂವರಿಗೂ ಅವಳ ಅರ್ಧ ವಯಸ್ಸು.

ಹಿಂದಿನ ತಿಂಗಳು ಎಲೆಕ್ಟ್ರಾನಿಕ್ ಸಿಟಿಯ ಕಾರ್ಯಕ್ರಮವೊಂದರಲ್ಲಿ, ಹರ್ಷ ಬರೆದ ಕೆರೆಯ ಹಾಡಿನ ಕೊನೆಗೆ ಎಡ ಮೊಣಕಾಲಿನ ಲಿವರ್ ಒತ್ತಬೇಕಿತ್ತು. ಒತ್ತಿದರೆ ಎರಡು ತಂತಿ ಅರ್ಧ ಸ್ವರ ಇಳಿಯುತ್ತವೆ, ಬಿಟ್ಟರೆ ಮೊದಲಿನ ಸ್ವರಕ್ಕೆ ಮರಳಿ ಹಾಡು ಮನೆ ಸೇರುತ್ತದೆ. ಅವಳು ಒತ್ತಿದಳು. ನೋವು ಸೊಂಟದವರೆಗೆ ಹೊಡೆಯಿತು, ಲಿವರ್ ಅರ್ಧ ದಾರಿಯಲ್ಲಿ ನಿಂತಿತು, ಹಾಡು ಬಾಗಿಲಲ್ಲೇ ಉಳಿಯಿತು. ವಾರ ಕಳೆದ ಮೇಲೆ ಹರ್ಷನ ಫೋನ್: "ಆಂಟಿ, ರಾಜ್ಯೋತ್ಸವದ ಶೋಗೆ ಇನ್ನೊಬ್ರು ಸ್ಟೀಲ್ ಪ್ಲೇಯರ್ ಬರ್ತಾರೆ. ಇಬ್ರೂ ನುಡಿಸಿ."

ಇಬ್ಬರು! ಇಡೀ ಊರಿನಲ್ಲಿ ಒಂದು ಪೆಡಲ್ ಸ್ಟೀಲ್ ಇರುವುದೇ ಹೆಚ್ಚು. ಒಂದೇ ಬ್ಯಾಂಡಿನಲ್ಲಿ ಎರಡು ಇಟ್ಟುಕೊಳ್ಳುವವರು ಜಗತ್ತಿನಲ್ಲೇ ವಿರಳ. ಹುಡುಗ ಮರ್ಯಾದೆಯಿಂದ ಬಾಗಿಲು ತೋರಿಸುತ್ತಿದ್ದಾನೆ ಎಂದು ಅವಳು ತೀರ್ಮಾನಿಸಿದ್ದಳು. ಈ ಶೋ ಮುಗಿಸಿ ತಾನೇ ಬಿಡುವುದೆಂದೂ ನಿರ್ಧರಿಸಿದ್ದಳು.

ಶೆಡ್ಡಿನೊಳಗೆ ಲೇಥಿಗೂ ಕೊರೆಯುವ ಯಂತ್ರಕ್ಕೂ ನಡುವೆ ಕೂತಿದ್ದವನು ನಲವತ್ತರ ಆಸುಪಾಸಿನ, ದಪ್ಪ ಮೀಸೆಯ ಗಂಡಸು. ಅವಳನ್ನು ಕಂಡದ್ದೇ ಎದ್ದು ನಿಂತ. ಮೊಣಕಾಲು ಲಿವರಿಗೆ ಬಡಿದು ವಾದ್ಯ ಕುಂಯ್ ಎಂದಿತು.

"ನಮ್ಮ ಪಕ್ಕದ ಶೆಡ್ಡಿನ ಮಲಕಪ್ಪ," ಎಂದರು ಸಿದ್ದಲಿಂಗಯ್ಯ. "ಇಂಡಿ ತಾಲ್ಲೂಕಿನವನು. ನಿಮ್ದು ಮಾಡಿದ್ಮೇಲೆ ನಂಗೂ ಚಟ ಹತ್ಕೊಳ್ತು ಶೋಭಮ್ಮ, ಇನ್ನೊಂದು ಮಾಡ್ದೆ. ಟೆಸ್ಟ್ ಮಾಡು ಅಂತ ಇವನನ್ನ ಕೂರಿಸಿದ್ರೆ, ಎದ್ದೇಳ್ಲೇ ಇಲ್ಲ!"

"ಊರಾಗ ಭಜನಿ ಮ್ಯಾಳಕ್ಕ ಪೇಟಿ ಬಾರಿಸ್ತಿದ್ದೆನ್ರಿ ಅಕ್ಕಾರ, ಹಾರ್ಮೋನಿಯಂ," ಎಂದ ಮಲಕಪ್ಪ. "ನಿಮ್ಮ ವೀಡಿಯೋ ನೋಡಿ ನೋಡಿ ಕಲತೀನಿ. ನಿಮ್ಮನ್ನ ಖುದ್ದ ನೋಡಿದ್ದ ಇವತ್ತ."

ಸಿಟ್ಟು ಮಾಡಿಕೊಂಡು ಬಂದವಳಿಗೆ ಸಿಟ್ಟು ಇಡಲು ಜಾಗ ಸಿಗಲಿಲ್ಲ.

ಬ್ಯಾಂಡ್ ಸೇರಿತು, ಕೆರೆಯ ಹಾಡು ಶುರುವಾಯಿತು. ಹರ್ಷ ಉಸಿರು ತೆಗೆದುಕೊಂಡಾಗೆಲ್ಲ ಇಬ್ಬರೂ ಒಂದೇ ಸಂದಿಗೆ ನುಗ್ಗಿದರು. ಮನು ಡ್ರಮ್ಸ್ ನಿಲ್ಲಿಸಿ, "ಸಿಲ್ಕ್ ಬೋರ್ಡ್ ಸಿಗ್ನಲ್ ಜಾಮ್ ಆಯ್ತಲ್ಲ ಗುರು ಇದು!" ಎಂದ. ಅದಕ್ಕೆ ಪರಿಹಾರ ಸುಲಭವಿತ್ತು. ಒಂದು ಸಾಲಿನ ಸಂದಿ ಅವಳದು, ಮುಂದಿನದು ಅವನದು ಎಂದು ಹಂಚಿಕೊಂಡರು. ಆದರೆ ಕೊನೆಯಲ್ಲಿ ಇಬ್ಬರೂ ಒಟ್ಟಿಗೆ ಮೂರು ಸ್ವರ ಹಿಡಿದು ನಿಲ್ಲುವ ಕಡೆ ಬೇರೆಯೇ ತೊಂದರೆ. ಎರಡು ವಾದ್ಯಗಳು ಕೂಡಿದ ಕೂಡಲೇ ಒಳಗಿನಿಂದ ಬುರ್ ಬುರ್ ಬುರ್ ಎಂದು ಒಂದು ಗುದ್ದಾಟ ಎದ್ದಿತು, ಹಳೆಯ ಫ್ಯಾನು ಕಂಬಿಗೆ ತಾಗಿದ ಹಾಗೆ.

ಸಿದ್ದಲಿಂಗಯ್ಯ ಸ್ಪ್ಯಾನರ್ ಹಿಡಿದು ಎರಡೂ ವಾದ್ಯಗಳ ಹೊಟ್ಟೆ ಬಿಚ್ಚಿ ನೋಡಿದರು, ಎಲ್ಲ ಬಿಗಿಯಾಗಿತ್ತು. ನಂದೀಶ್ ಫೋನಿನಲ್ಲಿ ಶ್ರುತಿ ನೋಡುವ ಮೀಟರ್ ತೆರೆದ. ಮಲಕಪ್ಪನ ತಂತಿಗಳಿಗೆಲ್ಲ ಮುಳ್ಳು ನಡುಗೆರೆಯಲ್ಲಿ ನಿಂತಿತು. ಶೋಭಾರಾಣಿಯ ಷಡ್ಜವೂ ಪಂಚಮವೂ ಸರಿ. ಗಾಂಧಾರದ ತಂತಿ ಮೀಟಿದಾಗ ಮುಳ್ಳು ಎಡಕ್ಕೆ, ಶ್ರುತಿ ಇಳಿದ ಕಡೆಗೆ, ಬಿದ್ದಿತು. ಮತ್ತೆ ಮೀಟಿದಳು. ಮತ್ತೆ ಎಡಕ್ಕೆ.

ಹರ್ಷ ಮೈಕಿನ ವೈರು ಸುತ್ತತೊಡಗಿದ. ಮೊದಲು ಮೊಣಕಾಲು, ಈಗ ಕಿವಿ ಎಂದು ಅವರೆಲ್ಲ ಯೋಚಿಸುತ್ತಿರುವುದು ಅವಳಿಗೆ ಕಾಣಿಸಿತು. ಅವಳೂ ಅದನ್ನೇ ಯೋಚಿಸುತ್ತಿದ್ದಳು. ಆ ತಂತಿಯ ಕೀಲಿ ತಿರುಗಿಸಿ ಮುಳ್ಳನ್ನು ನಡುಗೆರೆಗೆ ತಂದಳು. ಇಬ್ಬರೂ ನುಡಿಸಿದರು. ಗುದ್ದಾಟ ಹೋಯಿತು. ಆದರೆ ಎರಡು ವಾದ್ಯ ಸೇರಿ ಒಂದೇ ವಾದ್ಯದಷ್ಟೂ ಕೇಳಿಸಲಿಲ್ಲ. ಅನ್ನ ಬೆಂದಿತ್ತು, ಉಪ್ಪಿರಲಿಲ್ಲ.

"ಓಕೆ ಆಂಟಿ, ಇದೇ ಸಾಕು," ಎಂದ ಹರ್ಷ. ವಾದ್ಯ ಶೆಡ್ಡಿನಲ್ಲೇ ಉಳಿಯಿತು, ಆ 'ಸಾಕು' ಅವಳ ಜೊತೆ ಮನೆಯವರೆಗೂ ಬಂತು.

ಮನೆಯ ಗೋಡೆಗೆ ಒರಗಿಸಿದ್ದ ಅಮ್ಮನ ತಂಬೂರಿಗೆ ಬಟ್ಟೆ ಹೊದಿಸಿತ್ತು. ಶೋಭಾರಾಣಿ ಬಟ್ಟೆ ತೆಗೆದು ಶ್ರುತಿ ಮಾಡಿ ಮೀಟಿದಳು. ತಂಬೂರಿಯಲ್ಲಿ ಗಾಂಧಾರದ ತಂತಿಯೇ ಇಲ್ಲ. ಇರುವುದು ಪಂಚಮ ಮತ್ತು ಷಡ್ಜಗಳು. ಆದರೂ ಶ್ರುತಿ ಚೆನ್ನಾಗಿ ಕೂಡಿದ ಗಳಿಗೆಯಲ್ಲಿ ಗಾಂಧಾರ ತಾನಾಗಿ ಮೇಲೆದ್ದು ಬರುತ್ತದೆ. ಹಾಡುವವರಿಗೆಲ್ಲ ಇದು ಗೊತ್ತು. ಈಗಲೂ ಬಂತು. ಫೋನ್ ಹತ್ತಿರ ಹಿಡಿದು ಆ ಸ್ವರವನ್ನು ತಾನೇ ಹಾಡಿ ನೋಡಿದಳು. ಮುಳ್ಳು ಎಡಕ್ಕೆ ಬಿತ್ತು, ಅವಳ ತಂತಿಗೆ ಬಿದ್ದಷ್ಟೇ ಎಡಕ್ಕೆ.

ಮುಂದಿನ ಭಾನುವಾರ ತಂಬೂರಿ ಜಾಲಹಳ್ಳಿಯಿಂದ ಪೀಣ್ಯಕ್ಕೆ ಮೆಟ್ರೊದಲ್ಲಿ ಪ್ರಯಾಣ ಮಾಡಿತು. ತಪಾಸಣೆಯವಳು ಬುರುಡೆ ತಟ್ಟಿ ನೋಡಿ, "ಒಳಗೇನೂ ಇಲ್ವಲ್ಲ ಮೇಡಂ?" ಎಂದಳು. "ಇದೆ, ಆದ್ರೆ ಕಾಣ್ಸಲ್ಲ," ಎಂದು ಹೇಳಬೇಕೆನಿಸಿ, ಹೇಳದೆ ಶೋಭಾರಾಣಿ ನಕ್ಕಳು.

ಹರ್ಷನ ಹುಡುಗರು ಬರುವ ಮೊದಲೇ ಅವಳು ಮಲಕಪ್ಪನನ್ನು ತಂಬೂರಿಯ ಪಕ್ಕ ಕೂರಿಸಿದಳು. "ಬರೀ ಕೇಳಿ," ಎಂದಳು.

ಮಲಕಪ್ಪ ಕಣ್ಣು ಮುಚ್ಚಿದ. ತುಸು ಹೊತ್ತಿಗೆ ಹುಬ್ಬು ಮೇಲೇರಿತು. "ಅಲ್ಲೊಂದು ಐತ್ರಿ. ಯಾರ್ ಬಾರಸಾಕತ್ತಾರ ಅದನ್ನ?"

"ಯಾರೂ ಇಲ್ಲ. ನನ್ನ ಗಾಂಧಾರ ಮತ್ತೆ ಅಲ್ಲಿಗೇ ಇಳಿಸಿದೀನಿ, ನಿಮ್ಮದೂ ಅದಕ್ಕೆ ಕೂಡಿಸಿ ನೋಡಿ."

ಅವನು ತನ್ನ ವಾದ್ಯಕ್ಕೆ ಹೋಗಿ ಆ ತಂತಿಯ ಕೀಲಿಯನ್ನು ಕೂದಲೆಳೆಯಷ್ಟು ಸಡಿಲಿಸಿದ. ಇನ್ನೊಂದು ಎಳೆ. ಗುದ್ದಾಟ ನಿಧಾನವಾಯಿತು, ಉಯ್ಯಾಲೆಯಾಯಿತು, ನಿಂತಿತು. ನಿಂತ ಮೇಲೆ ಸ್ವರ ತೆರೆದುಕೊಂಡಿತು, ಕತ್ತಲ ಕೋಣೆಯ ಕಿಟಕಿ ತೆಗೆದ ಹಾಗೆ. ಮಲಕಪ್ಪ ಕೀಲಿಯಿಂದ ಕೈ ತೆಗೆಯಲೂ ಹೆದರಿದವನಂತೆ ಕೂತ.

"ನಮ್ಮಜ್ಜ ಏಕತಾರಿ ಹಿಡಕೊಂಡು ತತ್ವಪದ ಹಾಡ್ತಿದ್ದನ್ರಿ," ಎಂದ ಕೊನೆಗೆ. "ನಾ ಪೇಟಿ ತಗದ್ರ ಸಾಕು, ಬೇವಿನಕಾಯಿ ಕಡದಂಗ ಮಾರಿ ಮಾಡ್ತಿದ್ದ. ಮುದುಕಗ ನನ್ನ ಮ್ಯಾಲ ಹೊಟ್ಟಿಕಿಚ್ಚ ಅಂತ ತಿಳಕೊಂಡಿದ್ದೆ."

ಹಾರ್ಮೋನಿಯಂ ಸ್ವರಗಳನ್ನು ಕಾರ್ಖಾನೆಯಲ್ಲೇ ಸಮನಾಗಿ ಕತ್ತರಿಸಿಟ್ಟಿರುತ್ತಾರೆ, ಅದರ ಗಾಂಧಾರ ಒಂದೆಳೆ ಏರಿಯೇ ಇರುತ್ತದೆ. ಫೋನಿನ ಮೀಟರಿನ ಅಳತೆಯೂ ಅದೇ. ಎಲ್ಲ ಶ್ರುತಿಗೂ ಒಗ್ಗಲೆಂದು ಮಾಡಿದ ಹೊಂದಾಣಿಕೆ ಅದು, ತಪ್ಪೇನಲ್ಲ. ಅವನ ಕಿವಿ ಅದರಲ್ಲಿ ಬೆಳೆದಿತ್ತು, ಅವಳದು ತಂಬೂರಿಯಲ್ಲಿ. ಒಂದೇ ಬಗೆಯ ವಾದ್ಯದಲ್ಲಿ ಎರಡು ಮನೆಗಳ ಗಾಂಧಾರ ಜಗಳವಾಡಿತ್ತು.

"ಇನ್ನೊಂದು ಮಾತ್ರಿ, ತಪ್ಪ ತಿಳೀಬ್ಯಾಡ್ರಿ ಅಕ್ಕಾರ," ಎಂದ ಮಲಕಪ್ಪ, ಮೀಸೆ ತೀಡುತ್ತಾ. "ನಿಮ್ಮ ಮೊಣಕಾಲ ನೋಡಾಕತ್ತಿದ್ದೆ."

"ಏನು?"

"ಅಯ್ಯ, ಹಂಗಲ್ರಿ! ಒತ್ತಾಕ ಆಗೂದಿಲ್ಲ ಅಂದ್ರೂ ಆ ಜಾಗಾ ಬಂದಾಗ ಅದು ತಾನ ಅಲಗತೈತಿ. ನೀವು ಒತ್ತಬ್ಯಾಡ್ರಿ, ಅಲಗಿಸ್ರಿ ಸಾಕು. ಆ ಎರಡು ತಂತಿ ನೀವು ಬಿಡ್ರಿ, ನಾ ಹಿಡೀತೀನಿ. ನಿಮ್ಮ ಕಾಲ ಅಲಗಿದ ಕೂಡ್ಲೆ ನಾ ಒತ್ತತೀನಿ."

ಸಿದ್ದಲಿಂಗಯ್ಯ ಜೋರಾಗಿ ನಕ್ಕರು. "ಕ್ಲಚ್ ಅವರದು, ಗೇರ್ ನಿನ್ನದಾ?"

"ಎಡವಟ್ಟಾದ್ರೆ?" ಎಂದಳು ಶೋಭಾರಾಣಿ.

"ಆದ್ರ ಇಬ್ರೂ ಸೇರಿ ಬೈಸ್ಕೊಳೂಣ್ರಿ."

ಕಾರ್ಯಕ್ರಮ ವೈಟ್‌ಫೀಲ್ಡಿನ ಟೆಕ್ ಪಾರ್ಕೊಂದರ ಬಯಲು ವೇದಿಕೆಯಲ್ಲಿ, ನವೆಂಬರಿನ ಒಂದು ಸಂಜೆ. ಗಾಜಿನ ಕಟ್ಟಡಗಳ ಮೇಲೆ ಇನ್ನೂ ಬಿಸಿಲಿತ್ತು. ಕೊರಳಿಗೆ ಗುರುತಿನ ಚೀಟಿ, ಅದರ ಮೇಲೆ ಹಳದಿ ಕೆಂಪು ಶಾಲು ಹಾಕಿಕೊಂಡವರು ಮೆಟ್ಟಿಲುಗಳ ಮೇಲೆ ಕೂತು ಫೋನು ನೋಡುತ್ತಿದ್ದರು. ಎರಡು ಪೆಡಲ್ ಸ್ಟೀಲುಗಳನ್ನು ಎದುರುಬದುರಾಗಿ ಇಟ್ಟಿದ್ದರು, ಮಲಕಪ್ಪನಿಗೆ ಅವಳ ಮೊಣಕಾಲು ಕಾಣುವ ಹಾಗೆ. ಅದೇನು ಯಂತ್ರವೆಂದು ಮುಂದಿನ ಸಾಲಿನವರು ಬಗ್ಗಿ ಬಗ್ಗಿ ನೋಡಿದರು.

ಕೆರೆಯ ಹಾಡು ಕೊನೆಯದು. ಕುಂದಲಹಳ್ಳಿ ಕೆರೆಯಲ್ಲಿ ಈಜು ಕಲಿತ ತಾತನ ಬಗ್ಗೆ ಹರ್ಷ ಬರೆದದ್ದು. ಸಂದಿಗಳು ಹಂಚಿಕೆಯಂತೆ ನಡೆದವು. ಅವಳು ಕೇಳಿದ್ದಕ್ಕೆ ಅವನು ಉತ್ತರ ಕೊಟ್ಟ, ಅವನ ಉತ್ತರದ ಬಾಲ ಹಿಡಿದು ಅವಳು ಮುಂದುವರಿದಳು. ಕೊನೆಯ ಸಾಲು ಬಂತು. ಹರ್ಷ ಸುಮ್ಮನಾದ, ಮನು ಕೋಲು ಕೆಳಗಿಟ್ಟ. ನಂದೀಶ್ ತನ್ನ ತಂತಿಗಳ ಮೇಲೆ ಅಂಗೈ ಇಟ್ಟ. ಉಳಿದದ್ದು ಎರಡು ಸ್ಟೀಲ್ ಮಾತ್ರ.

ಶೋಭಾರಾಣಿ ತನ್ನ ತಂತಿಗಳನ್ನು ಮೀಟಿ ಹಿಡಿದಳು. ಮಲಕಪ್ಪನ ಎರಡು ತಂತಿ ಅದರೊಳಗೆ ಬಂದು ಕೂಡಿದವು. ಎಲ್ಲಿ ಬೆಸೆದಿದೆ ಎಂದು ಅವಳಿಗೇ ತಿಳಿಯಲಿಲ್ಲ. ಜಾಗ ಬಂದಾಗ ಮೊಣಕಾಲು ತಾನಾಗಿ ಅಲುಗಿತು, ಲಿವರನ್ನು ಮುಟ್ಟಲೂ ಇಲ್ಲ. ಎದುರಿನ ವಾದ್ಯದಲ್ಲಿ ಸ್ವರ ಇಳಿಯಿತು. ಇಳಿದದ್ದು ತನ್ನ ಕಾಲಿನಿಂದಲೇ ಎನ್ನುವಷ್ಟು ಸರಿಯಾಗಿ, ನೋವಿಲ್ಲದೆ. ಮತ್ತೆ ಮೊದಲಿನ ಮೂರು ಸ್ವರಕ್ಕೆ ಮರಳಿ ಹಾಡು ಮನೆ ಸೇರಿತು. ಇಬ್ಬರೂ ಬಿಡದೆ ಹಿಡಿದರು.

ಆಗ ಅದು ಬಂತು. ಎರಡೂ ವಾದ್ಯಗಳ ಯಾವ ತಂತಿಗಿಂತಲೂ ಕೆಳಗೆ, ನೆಲದಡಿಯಿಂದ ಬಂದ ಹಾಗೆ, ಒಂದು ಅಗಲವಾದ ಷಡ್ಜ. ಧ್ವನಿ ಹೊಂದಿಸುವವನು ನಂದೀಶನ ಕಡೆ ನೋಡಿ ಬೇಸ್ ಗಿಟಾರಿನ ಗುಂಡಿಯನ್ನು ಪೂರ್ತಿ ಕೆಳಗೆಳೆದ. ಧ್ವನಿ ಹೋಗಲಿಲ್ಲ. ನಂದೀಶ್ ಎರಡೂ ಕೈ ಮೇಲೆತ್ತಿ ತೋರಿಸಿದ, ಪೊಲೀಸರ ಮುಂದೆ ನಿಂತವನಂತೆ.

ಅಪ್ಪಟವಾಗಿ ಕೂಡಿದ ಸ್ವರಗಳು ಜೋರಾಗಿ ನುಡಿದಾಗ ಕೇಳುವವರ ಕಿವಿಯೇ ಕೆಳಗಿನ ಸ್ವರವೊಂದನ್ನು ಹುಟ್ಟಿಸುತ್ತದೆ. ಭೌತಶಾಸ್ತ್ರದಲ್ಲಿ ಇದಕ್ಕೆ ಲೆಕ್ಕವಿದೆ. ಶೋಭಾರಾಣಿಗೂ ಅದು ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಕಡಿಮೆಯಾಗಲಿಲ್ಲ. ಮೆಟ್ಟಿಲುಗಳ ಮೇಲೆ ಫೋನುಗಳು ಕೆಳಗಿಳಿದವು. ಮುಂದಿನ ಸಾಲಿನ ಹೆಂಗಸೊಬ್ಬಳು ಎದೆಯ ಮೇಲೆ ಕೈ ಇಟ್ಟುಕೊಂಡು, ಎಲ್ಲಿಂದ ಬರುತ್ತಿದೆ ಎಂದು ಹಿಂದೆ ತಿರುಗಿ ನೋಡಿದಳು. ಅಲ್ಲಿದ್ದ ಪ್ರತಿಯೊಬ್ಬರೊಳಗೂ ಬೇರೆ ಬೇರೆಯಾಗಿ ಅದು ಹುಟ್ಟುತ್ತಿತ್ತು, ಎಲ್ಲರಿಗೂ ಒಂದೇ ಆಗಿ ಕೇಳುತ್ತಿತ್ತು. ಅದಕ್ಕೆ ಎರಡು ಸ್ಟೀಲ್ ಬೇಕಾಗಿದ್ದವು. ಇಷ್ಟು ವರ್ಷ ಅವಳೊಬ್ಬಳ ಹತ್ತು ತಂತಿಗೆ ಅದು ಒಮ್ಮೆಯೂ ಹೀಗೆ ಬಂದಿರಲಿಲ್ಲ.

ಸ್ವರ ಆರಿತು. ಆಮೇಲೆ ಚಪ್ಪಾಳೆ ಎದ್ದಿತು.

ವೇದಿಕೆಯ ಹಿಂದೆ ಹರ್ಷ ಓಡಿ ಬಂದ. "ಆಂಟಿ, ಏನದು? ಏನ್ ಮಾಡಿದ್ರಿ?"

"ನಿಮ್ ಮೀಟರ್‌ಗೆ ಕೇಳೋ," ಎಂದಳು. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟಳು: "ನನ್ನ ಬಿಡ್ಸೋಕೆ ತಾನೇ ಇವರನ್ನ ಕರೆಸಿದ್ದು?"

ಹರ್ಷ ಕಣ್ಣು ತಪ್ಪಿಸಿದ. "ಮೊದ್ಲು ಹಂಗೇ ಅಂದ್ಕೊಂಡಿದ್ದೆ ಆಂಟಿ," ಎಂದ. "ಈಗ ಒಬ್ರೇ ಬಂದ್ರೆ ನಾನು ಹಾಡಲ್ಲ."

ಸಿದ್ದಲಿಂಗಯ್ಯ ಟೆಂಪೊಗೆ ಹಾಕಲೆಂದು ಅವಳ ವಾದ್ಯದ ಕಾಲು ಬಿಚ್ಚುತ್ತಿದ್ದರು. ಶೋಭಾರಾಣಿ ಅವರ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು.

"ಈ ಎಡಗಡೆ ಲಿವರೂ ಬಿಚ್ಬಿಡಿ ಸಾರ್."

ಸ್ಪ್ಯಾನರ್ ನಿಂತಿತು. "ಯಾಕಮ್ಮ, ಇನ್ಮೇಲೆ ನುಡಿಸಲ್ವಾ?"

"ನುಡಿಸೋಕೇ ಬಿಚ್ಚಿ ಅಂದಿದ್ದು. ಸುಮ್ನೆ ಕಾಲಿಗೆ ಅಡ್ಡ. ನನ್ನ ಲಿವರ್ ಅಲ್ಲಿದೆ ನೋಡಿ."

ಅತ್ತ ಮಲಕಪ್ಪ ಊರಿಗೆ ಫೋನ್ ಹಚ್ಚಿ, ಯಾರಿಗೋ ಕೂಗಿ ಹೇಳುತ್ತಿದ್ದ: "ಬಾರಸಲಿಲ್ಲೋ ಯಪ್ಪಾ, ಯಾರೂ ಬಾರಸಲಿಲ್ಲ! ತಾನ ಬಂತು!"