ನೇಮಣ್ಣ ಕೈ ಸಡಿಲ ಬಿಟ್ಟದ್ದು

ಹೋದ ದೀಪಾವಳಿಯಿಂದ ನಂದಗಡದ ನೇಮಣ್ಣನ ಬಲಗೈ ಅವನ ಮಾತು ಕೇಳುವುದನ್ನು ಬಿಟ್ಟಿತ್ತು. ಹೆಬ್ಬೆರಳಿನ ಬುಡದ ಮಾಂಸ ಕರಗಿ ಗುಳಿ ಬಿದ್ದಿತ್ತು. ಬಸದಿಯಲ್ಲಿ ಅಭಿಷೇಕದ ಕಲಶ ಕೈಜಾರಿ ಬಿದ್ದ ಮೇಲೆ ಹೆಂಡತಿ ಶಾಂತಮ್ಮ ಅವನನ್ನು ಬೆಳಗಾವಿಗೆ ಎಳೆದುಕೊಂಡು ಬಂದಳು. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಬರೀ ಕೈಯ ನರದ ಬೇನೆಯಾದರೆ ಇಂಜೆಕ್ಷನ್ ಉಂಟು, ಮಿದುಳಿನಿಂದ ಕೈಗೆ ಬರುವ ದಾರಿಯೂ ಕೆಟ್ಟಿದ್ದರೆ ಅದು ಮೈಯೆಲ್ಲ ಹಬ್ಬುವಂಥದ್ದು, ವಾಸಿಯಾಗುವುದಿಲ್ಲ ಎಂದರು. ಆ ದಾರಿ ನೋಡಲೆಂದೇ ಈ ಅಯಸ್ಕಾಂತದ ಪರೀಕ್ಷೆ.

ಯಂತ್ರ ನೋಡಿಕೊಳ್ಳುವ ಶಶಿಧರ ಕೈಗೆ ವೈರು ಅಂಟಿಸಿ, ಎಂಟರ ಆಕಾರದ ಬಳೆಯೊಂದನ್ನು ನೇಮಣ್ಣನ ತಲೆಯ ಮೇಲೆ ಹಿಡಿದ.

“ಟಕ್ ಅಂತ ಬಡದಂಗ ಆಕ್ಕೈತಿ ಅಜ್ಜಾರ. ನೋಯಂಗಿಲ್ಲ.”

“ಬಡಸ್ಕೊಳ್ಳೂದು ರೂಢಿ ಐತಿ ಬಿಡಪಾ. ನಲವತ್ತೆರಡ ವರ್ಷ ಸಂಸಾರ ಮಾಡೇನಿ.”

“ಹೂಂ, ಹೇಳ್ರಿ ಮಂದಿ ಮುಂದ,” ಎಂದಳು ಬಾಜೂಕ ಕೂತಿದ್ದ ಶಾಂತಮ್ಮ.

ಮೊದಲು ಶಶಿಧರ ಕೈ ಒಂಚೂರು ಬಿಗಿ ಹಿಡಿಯಲು ಹೇಳಿದ. ಟಕ್ ಎಂದಿತು. ಪರದೆಯ ಮೇಲಿನ ಗೀಟು ಗುಡ್ಡದಂತೆ ಎದ್ದಿತು. ಶಾಂತಮ್ಮನ ಮುಖಕ್ಕೆ ಕಳೆ ಬಂತು.

“ಇದು ಜಾಗ ಹುಡುಕಾಕ ಅಷ್ಟ. ಸಡ್ಲ ಬಿಟ್ಟಾಗ ಗೀಟು ಎದ್ರನ ದಾರಿ ನೆಟ್ಟಗೈತಿ ಅಂತ ಲೆಕ್ಕ. ಈಗ ಪೂರ್ತಿ ಸಡ್ಲ ಬಿಡ್ರಿ.”

ಬಿಟ್ಟ. ಟಕ್. ಗೀಟು ಮಲಗಿಯೇ ಇತ್ತು. ಶಾಂತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮುಂದಿನ ಸಲಕ್ಕೆ ನೇಮಣ್ಣ ಹೆಬ್ಬೆರಳನ್ನು ಯಾರಿಗೂ ಕಾಣದಷ್ಟು ಒತ್ತಿ ಹಿಡಿದ. ಗೀಟು ಎದ್ದಿತು.

“ಬಿಗಿ ಹಿಡದೀರೇನ್ರಿ? ಗೀಟು ನಡಗಾಕತ್ತೈತಿ.”

“ಇಲ್ಲಪಾ. ಅದು ತಾನಾಗೇ ಹಂಗ ಅದರತೈತಿ.”

ಇಂಥ ಬೇನೆಯ ಕೈ ತಾನಾಗೇ ಅದುರುವುದು ಶಶಿಧರನಿಗೆ ಹೊಸದಲ್ಲ, ನಂಬಿದ. ಸಂಜೆ ಡಾಕ್ಟರು ನೋಡಿ ಬರೆಯುತ್ತಾರೆ, ಸೋಮವಾರ ಬರ್ರಿ ಎಂದು ಕಳಿಸಿದ.

ಖಾನಾಪುರದ ಬಸ್ಸಿನಲ್ಲಿ ಶಾಂತಮ್ಮನ ಬಾಯಿಗೆ ಬಿಡುವಿರಲಿಲ್ಲ. “ಗೀಟು ಹೆಂಗ ಎದ್ವು ನೋಡಿದ್ರಿಲ್ಲ? ಇಂಜೆಕ್ಷನ್ ಮಾಡಿಸ್ಕೊಂಡು ಸ್ತವನಿಧಿ ಬಸದಿಗೆ ಹೋಗಿ ಬರೂಣು.”

ನೇಮಣ್ಣನಿಗೆ ಮಾವನ ನೆನಪಾಯಿತು. ಹೊಟ್ಟೆಯ ಗಡ್ಡೆಯನ್ನು ಮಗಳಿಂದ ಮುಚ್ಚಿಟ್ಟು ಸತ್ತವನು ಆತ. ‘ಗೊತ್ತಿದ್ರ ನಾಕ ದಿನ ಹೋಗಿ ಇರತಿದ್ನಿ’ ಎಂದು ಇವಳು ಎಷ್ಟು ವರ್ಷ ಕೊರಗಿದ್ದಳು. ಸುಳ್ಳು ಹೇಳಿದ್ದು ಆ ಯಂತ್ರದ ಹುಡುಗನಿಗೆ ಅಂದುಕೊಂಡಿದ್ದ, ಅದು ಬಂದು ಕೂತದ್ದು ಇವಳ ಮಡಿಲಲ್ಲಿ.

“ಇಳಿ,” ಎಂದ.

“ಅಲ್ರೀ, ಇದು ಇನ್ನೂ ಪೀರನವಾಡಿ.”

“ಗೊತ್ತೈತಿ, ಇಳಿ.”

ರಸ್ತೆಯ ಬದಿಗೆ ನಿಂತು ಹೇಳಿದ. “ನಾ ಕೈ ಬಿಗಿ ಹಿಡದಿದ್ನಿ, ಶಾಂತಾ. ಆ ಗೀಟು ಖರೇ ಅಲ್ಲ.”

ಅವಳು ದಾಟಿಹೋಗುವ ಎರಡು ಲಾರಿಗಳನ್ನು ನೋಡಿದಳು. ಆಮೇಲೆ ಮೆಲ್ಲಗೆ, “ಇರ್ಲಿ ಬಿಡ್ರಿ. ಮನಿಗೆ ಹೋಗೂಣು. ಇಂಜೆಕ್ಷನ್ ಕೊಟ್ರ ಕೊಡ್ಲಿ, ಏನ್ ಹೋಗೂದೈತಿ?” ಎಂದಳು.

“ಇಲ್ಲದ ಬ್ಯಾನಿಗೆ ಇಂಜೆಕ್ಷನ್ ಮಾಡಿಸ್ಕೊಂತ ಕುಂದರ್ಲಿ? ನಿಮ್ಮಪ್ಪ ಹೇಳಲಾರದ ಹೋದ. ನಾನೂ ಹಂಗ ಹೋದ್ರ ನಡೀತೈತೇನು?”

ಅವಳು ಚೀಲ ಬಗಲಿಗೇರಿಸಿಕೊಂಡು ರಸ್ತೆ ದಾಟಿ, ಬೆಳಗಾವಿ ಬಸ್ಸು ನಿಲ್ಲುವ ಬದಿಗೆ ಹೋಗಿ ನಿಂತಳು.

ಆಸ್ಪತ್ರೆಗೆ ಮರಳಿ ಬಂದು ಹೇಳಿದಾಗ ಶಶಿಧರ ಬೈಯಲಿಲ್ಲ. “ಸಾಲಿ ಹುಡುಗರ ಗತೆ ಕಾಪಿ ಹೊಡದ್ರಿ ನೋಡ್ರಿ ಅಜ್ಜಾರ,” ಎಂದು ನಕ್ಕು ಮತ್ತೆ ವೈರು ಅಂಟಿಸಿದ. ಶಾಂತಮ್ಮ ಮೊದಲಿನ ಜಾಗದಲ್ಲೇ ಕೂತಳು.

ನೇಮಣ್ಣ ಕೈಯನ್ನು ದಿಂಬಿನ ಮೇಲೆ ತನ್ನದಲ್ಲವೆನ್ನುವ ಹಾಗೆ ಬಿಟ್ಟ. ಟಕ್. ಶಶಿಧರ ಯಂತ್ರದ ಜೋರು ಹೆಚ್ಚಿಸಿದ. ಟಕ್. ಇನ್ನೂ ಹೆಚ್ಚಿಸಿದ, ಬಳೆಯನ್ನು ತುಸು ಸರಿಸಿ ನೋಡಿದ. ಟಕ್, ಟಕ್. ಅವನ ನಗು ಎಲ್ಲಿಗೆ ಹೋಯಿತೋ. ಗೀಟು ಏಳಲಿಲ್ಲ, ಬೆರಳೂ ಏಳಲಿಲ್ಲ. ಕೊನೆಗೆ ಯಾರ ಮುಖವನ್ನೂ ನೋಡದೆ ವೈರು ಕೀಳತೊಡಗಿದ.

ಹೊರಗೆ ಮೆಟ್ಟಿಲಿಳಿಯುವಾಗ ಶಾಂತಮ್ಮ ಕೇಳಿದಳು. “ಮದಲ ಯಾಕ ಬಿಗಿ ಹಿಡದ್ರಿ?”

“ನೀ ನೋಡಾಕತ್ತಿದ್ದಿ. ಅದಕ್ಕ.”

“ಈಗೂ ನೋಡಾಕತ್ತಿದ್ನೆಲ್ಲ,” ಎಂದಳು ಅವಳು.